ಯಾವ ದಣಿವಿಗೆ ನಿದ್ದೆ ಬರುತ್ತದೆ

ಮೈ ದಣಿದರೆ ನಿದ್ದೆ ತಾನಾಗಿ ಬರುತ್ತದೆ ಎಂದು ಯಾರಾದರೂ ಹೇಳಿದರೆ ಈಗ ನನಗೆ ತಿರುಗಿ ಕೇಳಬೇಕೆನಿಸುತ್ತದೆ: ಯಾವ ದಣಿವಪ್ಪಾ? ಆದೋನಿ ಹತ್ತಿ ಮಾರ್ಕೆಟ್ಟಿನಲ್ಲಿ ಅರ್ಧ ಆಯಸ್ಸು ಬೋರಾ ಹೊತ್ತವನು ನಾನು. ಬೋರಾ ಎಂದರೆ ಹತ್ತಿ ತುಳಿದು ತುಂಬಿದ ದೊಡ್ಡ ಗೋಣಿಚೀಲ. ಹಿಂದಿನಿಂದ ನೋಡಿದರೆ ಹೊತ್ತವನ ಕಾಲು ಬಿಟ್ಟು ಬೇರೇನೂ ಕಾಣುವುದಿಲ್ಲ. ಅಂಥವನಿಗೆ ದಣಿವಿನ ವಿಷಯ ಯಾರು ಹೇಳಿಕೊಡಬೇಕು ಎಂದುಕೊಂಡಿದ್ದೆ. ಸಕ್ಕರೆ ಕಾಯಿಲೆ ಬಂದು, ಅದರ ಹಿಂದೆಯೇ ನಿದ್ದೆ ಎದ್ದು ಹೋದಮೇಲೆ ಗೊತ್ತಾಯಿತು, ನಾನು ಕಂಡದ್ದು ಒಂದೇ ಬಗೆಯ ದಣಿವು ಎಂದು.

ನಮ್ಮದು ಗಡಿಯಂಚಿನ ತೆಲುಗು ಸೀಮೆಯಲ್ಲಿ, ಆಲೂರಿನ ಹತ್ತಿರದ ಹಳ್ಳಿ. ನಾಲ್ಕನೇ ಕ್ಲಾಸಿಗೆ ಕನ್ನಡ ಶಾಲೆ ಬಿಟ್ಟು ಅಪ್ಪನ ಹಿಂದೆ ಆದೋನಿಗೆ ಬಂದೆ. ಓದಿದ್ದು ಕನ್ನಡ, ವ್ಯವಹಾರ ತೆಲುಗು, ಬೈಗುಳ ಎರಡರಲ್ಲೂ. ಬರೆಯುವುದು ನನ್ನ ಕಸುಬಲ್ಲ. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂತವರು ಆಡಿದ ಒಂದೆರಡು ಮಾತು ನನ್ನ ಕೈ ಹಿಡಿದವು. ನಾನೂ ಯಾರದೋ ಪಕ್ಕದಲ್ಲಿ ಕೂತಿದ್ದೇನೆ ಎಂದುಕೊಂಡು ಇದನ್ನು ಬರೆಯುತ್ತಿದ್ದೇನೆ.

ಹೊರೆ ಹೊರುವ ಕಾಲದಲ್ಲಿ ನನ್ನ ನಿದ್ದೆ ಮಾರ್ಕೆಟ್ಟಿಗೆಲ್ಲ ಹೆಸರುವಾಸಿ. ಬೋರಾಗಳ ನಡುವೆ ಒರಗಿದರೆ ಲಾರಿ ಹಾರನ್ನಿಗೂ ಏಳುತ್ತಿರಲಿಲ್ಲ. ಮದುವೆಯ ದಿನ ಹಂದರದಲ್ಲೇ ತೂಕಡಿಸಿದೆನೆಂದು ನನ್ನ ಹೆಂಡತಿ ಗಂಗಮ್ಮ ಇವತ್ತಿಗೂ ಬಂದವರ ಮುಂದೆ ಹೇಳುತ್ತಾಳೆ. "ತಾಳಿ ಕಟ್ಟಿದ ಕೈ ಇನ್ನಾ ನನ್ನ ಕೊಳ್ಳಾಗ ಇತ್ತವ್ವಾ, ಇವರು ಗೊರಕಿ ಶುರು ಮಾಡಿದ್ರು."

ಆಮೇಲೆ ಮೇಸ್ತ್ರಿಯಾದೆ. ಹೊರುವುದು ನಿಂತಿತು, ಹೊರಿಸುವುದು ಶುರುವಾಯಿತು. ದಿನವೆಲ್ಲ ಮಾರ್ಕೆಟ್ಟಿನಲ್ಲೇ ಇರುತ್ತಿದ್ದೆ, ಲಾರಿ ತುಂಬುವ ಹೊತ್ತು ಬಿಟ್ಟರೆ ಕೂತು ಕೂಗುತ್ತಿದ್ದೆ, ಸಂಜೆಗೆ ಸುಸ್ತೂ ಆಗುತ್ತಿತ್ತು. ಹಾಗಾಗಿ ನನ್ನ ಮೈ ಕೆಲಸ ಬಿಟ್ಟಿದೆ ಎಂಬುದು ನನಗೇ ತಿಳಿಯಲಿಲ್ಲ. ಒಂದು ಸಲ ಯಾರ್ಡಿನಲ್ಲಿ ಪುಣ್ಯಾತ್ಮರು ಯಾರೋ ಬೆರಳು ಚುಚ್ಚಿ ಸಕ್ಕರೆ ನೋಡುವ ಮೇಜು ಹಾಕಿದ್ದರು. ನಮ್ಮ ಗುಂಪಿನವರು ಸೂಜಿ ನೋಡಿ ಹಿಂದೆ ಸರಿದರು. ಮೇಸ್ತ್ರಿ ಹಿಂದೆ ಸರಿದರೆ ಆದೀತೇ? ಮೀಸೆ ತಿರುವಿ ಮೊದಲ ಬೆರಳು ನಾನೇ ಕೊಟ್ಟೆ. ಚುಚ್ಚಿದ ಹುಡುಗಿ ಯಂತ್ರ ನೋಡಿದಳು, ನನ್ನ ಮುಖ ನೋಡಿದಳು, ಇನ್ನೊಂದು ಬೆರಳು ಕೇಳಿದಳು.

ಮಾತ್ರೆ ಶುರುವಾದವು. ಕಾಯಿಲೆಗೆ ನಾನು ಅಷ್ಟಾಗಿ ಹೆದರಲಿಲ್ಲ. ಹೆದರಿಸಿದ್ದು ನಿದ್ದೆ. ಮೊದಮೊದಲು ಒಂದಕ್ಕೆ ಏಳಬೇಕಾಗಿ ಎಚ್ಚರವಾಗುತ್ತಿತ್ತು. ಆಮೇಲೆ ಅಂಗಾಲು ಮೆಣಸಿನಕಾಯಿ ಹಚ್ಚಿದಂತೆ ಉರಿಯುತ್ತಿತ್ತು. ಕೊನೆಕೊನೆಗೆ ಏನೂ ಇಲ್ಲದೆಯೇ ಕಣ್ಣು ತೆರೆದಿರುತ್ತಿತ್ತು. ರಾತ್ರಿ ಬಾರದ ನಿದ್ದೆ ಬೆಳಿಗ್ಗೆ ಕೆಲಸಕ್ಕೆ ನಿಂತ ಮೇಲೆ ಸಾಲ ಕೊಟ್ಟವನ ಹಾಗೆ ಬೆನ್ನು ಹತ್ತುತ್ತಿತ್ತು.

ಇಲ್ಲಿ ನಮ್ಮ ಕೆಲಸದ ಒಂದು ರೀತಿ ಹೇಳಬೇಕು. ಬೋರಾಗಳನ್ನು ಲಾರಿಗೆ ಏರಿಸುವಾಗ ಒಬ್ಬ ಮೇಲೆ ನಿಲ್ಲುತ್ತಾನೆ. ಕೆಳಗಿನವರು ಎತ್ತಿ ಕೊಟ್ಟದ್ದನ್ನು ಹಿಡಿದು, ವರಸೆ ವರಸೆಯಾಗಿ, ಸಾಲಿನ ಮೇಲೆ ಸಾಲು ಕೂರಿಸಿ, ಕೊನೆಗೆ ಹಗ್ಗ ಬಿಗಿಯುವವನು ಅವನೇ. ಮೇಲಿನವನ ಕೈ ತಪ್ಪಿದರೆ ಕೆಳಗಿನವನ ಕುತ್ತಿಗೆಗೆ ಬರುತ್ತದೆ. ಅದಕ್ಕೇ ನಮ್ಮಲ್ಲಿ ಮೇಲೆ ನಿಲ್ಲುವುದು ಮೇಸ್ತ್ರಿ. ಮೇಸ್ತ್ರಿ ಎಂದರೆ ಕೂಗುವವನಲ್ಲ, ಮೇಲೆ ನಿಂತವನು. ಆ ಜಾಗ ಅಪ್ಪನದಾಗಿತ್ತು, ಆಮೇಲೆ ನನ್ನದಾಯಿತು.

ಒಂದು ಮಧ್ಯಾಹ್ನ ಮೇಲೆ ನಿಂತವನಿಗೆ ನಿಂತಲ್ಲೇ ಕಣ್ಣು ಹತ್ತಿತು. ಹಿಡಿದಿದ್ದ ಬೋರಾ ಕೈಯಿಂದ ಜಾರಿ, ಕೆಳಗಿದ್ದ ನನ್ನ ತಮ್ಮ ವೀರೇಶನ ಭುಜ ಸವರಿಕೊಂಡು ನೆಲಕ್ಕೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ವೀರೇಶ ಭುಜ ಒರೆಸಿಕೊಂಡು ಏಣಿ ಹತ್ತಿ ಬಂದ. ಎಲ್ಲರ ಮುಂದೆ ಹೇಳಬಾರದೆಂದು ದನಿ ತಗ್ಗಿಸಿದ.

"ಅಣ್ಣಾ, ನೀ ಕೆಳಗ ಇಳಿ."

"ಕೈ ಬೆವರಿತ್ತೋ. ಜಾರಿತು."

"ಕೈ ಅಲ್ಲಣ್ಣಾ, ಕಣ್ಣು. ನಾ ಕೆಳಗಿಂದ ನೋಡಾಕತ್ತಿದ್ದೆ. ನಿದ್ದಿ ಸುದ್ದ ಆಗೋತನಕ ಮ್ಯಾಲೆ ನಾ ನಿಂದರ್ತೀನಿ."

ಇಳಿದೆ. ಮರುದಿನದಿಂದ ನಾನು ಕೆಳಗೆ ಕೂತು ಕೂಗುವ ಮೇಸ್ತ್ರಿ. ಹೊರಲು ವಯಸ್ಸಲ್ಲ, ಮೇಲೆ ನಿಲ್ಲಲು ನಂಬಿಕೆಯಿಲ್ಲ. ಎರಡೂ ಇಲ್ಲದ ಮೇಸ್ತ್ರಿಯನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ಆ ಜಾಗಕ್ಕೆ ಮರಳಿ ಏರಬೇಕಾದರೆ ನಿದ್ದೆ ಎಲ್ಲಿ ಹೋಯಿತೆಂದು ಹುಡುಕಲೇಬೇಕಿತ್ತು.

ಗಂಗಮ್ಮ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಆಸ್ಪತ್ರೆಯ ಹೊರಗಿನ ಉದ್ದ ಬೆಂಚಿನಲ್ಲಿ ಸರದಿ ಕಾಯುತ್ತ ತೂಗುತ್ತಿದ್ದೆ. ಪಕ್ಕದಲ್ಲಿದ್ದ ಮುದುಕಿ ಮೊಳಕೈಯಿಂದ ತಿವಿದಳು. ದೇವನಕೊಂಡದ ಕಡೆಯ ಕುರಿಗಾರರ ಹೆಂಗಸು, ಹೆಸರು ಮಾಳಮ್ಮ. ಅವಳಿಗೂ ಸಕ್ಕರೆ.

"ಏನಪಾ, ಕುಂತಲ್ಲೇ ತೂಗಾಕತ್ತೀ. ನನ್ನ ಮ್ಯಾಲೆ ಬಿದ್ದೀ ಮತ್ತ."

"ರಾತ್ರಿ ನಿದ್ದಿ ಬರಂಗಿಲ್ಲಮ್ಮಾ."

"ಬಾ ಹಂಗಾರ, ನಮ್ಮ ಕುಲದಾಂವ ನೀನು! ನಂದೂ ಹಂಗ. ನಮ್ಮೂರ ನಾಯಿಗೂ ನನಗೂ ಈಗ ದೋಸ್ತಿ. ಇಬ್ಬರೂ ಕೂಡಿ ಊರು ಕಾಯ್ತೀವಿ."

ಗಂಗಮ್ಮ ನಕ್ಕಳು. ಎಷ್ಟೋ ದಿನದ ಮೇಲೆ ನನ್ನ ನಿದ್ದೆಯ ವಿಷಯಕ್ಕೆ ಯಾರೋ ನಕ್ಕದ್ದು ಕೇಳಿ ನನಗೂ ಹಗುರವಾಯಿತು.

"ಮೊದಲಿಂದ ಹಿಂಗೇನಮ್ಮಾ?" ಎಂದು ಕೇಳಿದೆ.

"ಎಲ್ಲಿದಪಾ. ಕುರಿ ಹಿಂದ ತಿರುಗೋತನಕ ಬಂಡಿಗಲ್ಲ ಮ್ಯಾಲೆ ಒರಗಿದ್ರೂ ನಿದ್ದಿ. ಈಗ ಮಗ ಬ್ಯಾಡವ್ವಾ ವಯಸ್ಸಾತು ಅಂದ. ಮಂಚ ಕೊಡಿಸ್ಯಾನ. ಆ ಮಂಚ ಚೆಂದ ಮಲಗ್ತೈತಿ, ನಾ ಮಲಗಂಗಿಲ್ಲ."

ಅವಳ ಮಾತು ನನ್ನ ತಲೆಯಲ್ಲಿ ಕೂತಿತು. ಅವಳು ಕುರಿ ಹಿಂದೆ ಹೋಗುತ್ತಿದ್ದಾಗ ನಿದ್ದೆ ಇತ್ತು, ನಾನು ಬೋರಾ ಹೊರುತ್ತಿದ್ದಾಗ ನಿದ್ದೆ ಇತ್ತು. ಇಬ್ಬರದೂ ಒಂದೇ ಲೆಕ್ಕವಲ್ಲವೇ?

ನಮ್ಮ ಡಾಕ್ಟರಮ್ಮ ಕರ್ನೂಲಿನವರು. ಕನ್ನಡ ಇಲ್ಲಿಗೆ ಬಂದಮೇಲೆ ರೋಗಿಗಳ ಬಾಯಿಂದ ಕಲಿತದ್ದು. ಸಕ್ಕರೆಯ ಚೀಟಿ ನೋಡಿದವರು ತಟ್ಟನೆ ಕೇಳಿದರು, "ಏಂ ಮೇಸ್ತ್ರಿಗಾರೂ, ನಿದ್ರ ಬರ್ತೈತಾ?"

"ಅದು ಹೋಗಿ ಭಾಳ ದಿನ ಆತ್ರಿ ಮೇಡಂ. ಅದು ಬಿಡ್ರಿ, ಸಕ್ಕರಿ ಹೆಂಗೈತಿ ಹೇಳ್ರಿ."

"ಯಾಕೆ ಬಿಡೋದು? ಅದೂ ಇದೂ ಒಂದೇ ಇಂಟಿವಿ, ಒಂದೇ ಮನೆಯವು. ಒಂದು ಕೆಟ್ಟರೆ ಇನ್ನೊಂದನ್ನೂ ಕೆಡಿಸ್ತದೆ."

ನನಗೆ ಇದು ಹೊಸದು. ನಿದ್ದೆಯನ್ನು ಆಸ್ಪತ್ರೆಯಲ್ಲಿ ಕೇಳುತ್ತಾರೆಂದು ನಾನು ಎಣಿಸಿರಲಿಲ್ಲ. ಅವರು ಒಂದೊಂದೇ ಕೇಳುತ್ತ ಹೋದರು. ಮಧ್ಯಾಹ್ನ ಮಲಗುತ್ತೀರಾ, ಟೀ ಯಾವಾಗ ಕುಡಿಯುತ್ತೀರಿ, ಕಾಲು ಉರಿಯುತ್ತದಾ, ಗೊರಕೆ ಹೊಡೆಯುವಾಗ ಉಸಿರು ಕಟ್ಟುತ್ತದಾ. ಕೊನೆಗೆ, "ದಿನಾ ನಡೀತೀರಾ?"

ಅಲ್ಲಿ ನನಗೆ ಸಿಟ್ಟು ಬಂತು. "ಮೇಡಂ, ನಾ ಹಮಾಲಿ. ಹಮಾಲಿಗೆ ನಡೀತೀಯೇನು ಅಂತ ಕೇಳ್ತಾರೇನ್ರಿ? ಮೀನಿಗೆ ಈಸು ಬರ್ತೈತೇನು ಅಂದಂಗಾತು."

ನನ್ನ ಹಿಂದೆ ನಿಂತಿದ್ದ ಗಂಗಮ್ಮ ಬಾಯಿ ಹಾಕಿದಳು. "ಅದು ಹಿಂದಿನ ಮಾತು ಮೇಡಂ. ಈಗ ಇವರದು ಬಾಯೊಂದೇ ನಡಿಯಾದು."

ಡಾಕ್ಟರಮ್ಮ ನಗದೆ ಇರಲು ಬಹಳ ಪ್ರಯತ್ನಪಟ್ಟರು. ಕಾಲಿನ ಉರಿಗೆ ಒಂದು ಮಾತ್ರೆ ಬರೆದು, ದಿನಾ ನಡೆಯಬೇಕು ಎಂದು ಹೇಳಿ ಕಳಿಸಿದರು.

ನಾನು ಮನೆಗೆ ಬಂದು ಯೋಚಿಸಿದೆ. ನಡೆಯುವುದೆಂದರೆ ಏನು? ಬೆಳಿಗ್ಗೆ ಬಿಳಿ ಬೂಟು ಹಾಕಿಕೊಂಡು ಕೈ ಬೀಸುತ್ತ ಹೋಗುವ ವ್ಯಾಪಾರಿಗಳನ್ನು ನೋಡಿದ್ದೇನೆ. ಹೋದ ದಾರಿಯಲ್ಲೇ ವಾಪಸು ಬರುತ್ತಾರೆ, ಏನನ್ನೂ ತರುವುದಿಲ್ಲ. ಅದು ಮೈ ಮುರಿದು ದುಡಿಯದವರ ಔಷಧಿ. ನನ್ನ ಔಷಧಿ ನನಗೆ ಗೊತ್ತು ಎಂದುಕೊಂಡೆ. ಹೊತ್ತಾಗ ನಿದ್ದೆ ಬರುತ್ತಿತ್ತು, ಹಾಗಾದರೆ ಹೊರಬೇಕು. ಮರುದಿನ ಸಂಜೆ ಹುಡುಗರನ್ನು ಪಕ್ಕಕ್ಕೆ ಸರಿಸಿ ಬೋರಾಕ್ಕೆ ಬೆನ್ನು ಕೊಟ್ಟೆ.

ಮೈ ಅದನ್ನು ಮರೆತಿರಲಿಲ್ಲ. ಬೆನ್ನು ತಾನಾಗಿ ಬಗ್ಗಿತು, ಕಾಲು ತಾನಾಗಿ ಅಗಲವಾಯಿತು. ಎಲ್ಲರೂ ಸಿಳ್ಳೆ ಹೊಡೆದರು. ವೀರೇಶ ಮಾತ್ರ ಲಾರಿಯ ಮೇಲಿಂದ "ಅಣ್ಣಾ, ಬ್ಯಾಡ" ಎಂದ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಎದೆ ಇನ್ನೂ ಹೊರೆ ಇದ್ದಂತೆ ಬಡಿದುಕೊಳ್ಳುತ್ತಿತ್ತು. ಇಷ್ಟು ಸಾಲದೇನೋ ಎಂದು ಮರುದಿನ ಇನ್ನಷ್ಟು ಹೊತ್ತೆ. ಆಗಲೂ ಬರಲಿಲ್ಲ. ಸೋಜಿಗದ ಮಾತೆಂದರೆ, ಹಳೆಯ ದಣಿವಿಗೂ ಇದಕ್ಕೂ ನೋವಿನಲ್ಲಿ ವ್ಯತ್ಯಾಸವೇ ಇರಲಿಲ್ಲ. ಭುಜ ಅದೇ, ಸೊಂಟ ಅದೇ. ನಿದ್ದೆಯೊಂದೇ ಇರಲಿಲ್ಲ.

ಅಷ್ಟರಲ್ಲಿ ಕಾರ್ತೀಕ ಬಂತು. ಕಾರ್ತೀಕ ಸೋಮವಾರ ನಮ್ಮ ಮನೆಯಲ್ಲಿ ಒಪ್ಪೊತ್ತು. ಬೆಳಿಗ್ಗೆ ಮೈ ತೊಳೆದು ವಿಭೂತಿ ಹಚ್ಚಿಕೊಂಡರೆ ಸಂಜೆ ಚುಕ್ಕಿ ಕಂಡಮೇಲೆಯೇ ಅನ್ನ. ಹತ್ತಿ ಸುಗ್ಗಿಯೂ ಅದೇ ಕಾಲಕ್ಕೆ. ಅಪ್ಪ ಒಪ್ಪೊತ್ತಿದ್ದುಕೊಂಡೇ ಹೊತ್ತವನು, ನಾನೂ ಹೊತ್ತವನೇ. ಬೆಳಿಗ್ಗೆ ಮಾತ್ರೆ ಕೈಗೆ ತೆಗೆದುಕೊಂಡಾಗ ಗಂಗಮ್ಮ ತಡೆದಳು.

"ಖಾಲಿ ಹೊಟ್ಟಿಗೆ ನುಂಗಬಹುದೋ ಏನೋ. ಆ ಮೇಡಂಗ ಒಂದು ಮಾತು ಕೇಳ್ರಿ."

"ದೇವರ ವಿಚಾರ ಡಾಕ್ಟರಿಗೆ ಯಾಕ ಕೇಳಬೇಕು? ದೇವರಿಗೂ ತಪ್ಪಬಾರದು, ಡಾಕ್ಟರಿಗೂ ತಪ್ಪಬಾರದು. ಎರಡೂ ನಡೆಸ್ತೀನಿ."

ನೀರಿನ ಜೊತೆ ನುಂಗಿ ಮಾರ್ಕೆಟ್ಟಿಗೆ ಹೋದೆ. ಇಳಿಹೊತ್ತಿನಲ್ಲಿ ಬೋರಾ ಹೊತ್ತು ಲಾರಿಯ ಕಡೆ ಹೊರಟಾಗ ಮೈಯೆಲ್ಲ ತಣ್ಣನೆಯ ಬೆವರು ಬಿಟ್ಟುಕೊಂಡಿತು. ಬಿಸಿಲಿನ ಬೆವರಲ್ಲ, ಬಾವಿಯಿಂದ ಎದ್ದು ಬಂದವನ ಹಾಗೆ. ಕೈ ನಡುಗಿತು. ಹೊರೆ ಬಿತ್ತು, ಅದರ ಪಕ್ಕದಲ್ಲಿ ನಾನು ಕುಸಿದು ಕೂತೆ. ವೀರೇಶ ಮೇಲಿಂದ ಹಾರಿ ಬಂದ. ಮಾರ್ಕೆಟ್ಟಿನಲ್ಲಿ ಟೀ ಮಾರುವ ಖಾಸಿಂ ಭಾಯ್ ನನ್ನ ಮುಖ ನೋಡಿದವನೇ ಗ್ಲಾಸಿನಲ್ಲಿ ಸಕ್ಕರೆ ಸುರಿದು ಕಲಸುತ್ತ ಓಡಿ ಬಂದ. ವೀರೇಶ ಅವನ ಕೈಗೆ ಅಡ್ಡ ನಿಂತ.

"ಏ, ಸಕ್ಕರಿ ಕಾಯಿಲಿ ಐತೋ ನಮ್ಮಣ್ಣಗ! ಸಕ್ಕರಿ ಹಾಕಿ ಕೊಲ್ಲಾಕ ಬಂದೀಯೇನು?"

"ಹಟ್ ರೇ! ನಮ್ಮ ಅಮ್ಮಾಗೆ ಹಿಂಗೇ ಆಗ್ತಿತ್ತು. ಇದು ಸಕ್ಕರಿ ಏರಿದ್ದಲ್ಲ, ಬಿದ್ದದ್ದು. ಸರಿ ಪಕ್ಕಕ್ಕೆ!"

ವೀರೇಶ ಸರಿದ. ಆದರೆ ನಾನು ಬಾಯಿ ತೆರೆಯಲಿಲ್ಲ. ನಾಲಿಗೆ ತೊದಲುತ್ತಿತ್ತು, ಆದರೂ ಹೇಳಿದೆನಂತೆ, "ಚುಕ್ಕಿ ಬಂದಿಲ್ಲ."

"ಏನಂತಾನೆ?"

"ಒಪ್ಪೊತ್ತು ಐತಿ ಭಾಯ್," ಎಂದ ವೀರೇಶ. ಅವನ ದನಿಯಲ್ಲಿ ಅಳು ಬಂದಿತ್ತು. "ಚುಕ್ಕಿ ನೋಡದ ಏನೂ ಮುಟ್ಟಂಗಿಲ್ಲ."

ಖಾಸಿಂ ಭಾಯ್ ನನ್ನ ಗದ್ದ ಹಿಡಿದ. "ಮೇಸ್ತ್ರಿ, ಇದನ್ನ ಕುಡಿ. ಕುಡೀಲಿಲ್ಲ ಅಂದ್ರೆ ಹಗಲೇ ಎಲ್ಲಾ ಚುಕ್ಕಿ ಕಾಣ್ತೈತಿ ನಿಂಗೆ."

ಕುಡಿದೆ. ಸ್ವಲ್ಪ ಹೊತ್ತಿಗೆ ಕೈ ನಡುಕ ನಿಂತಿತು, ಎದುರಿನ ಮುಖಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಬಂದವು. ಆ ಟೀಗಿಂತ ಸಿಹಿಯಾದದ್ದನ್ನು ನಾನು ಕುಡಿದಿಲ್ಲ. ಅದಕ್ಕಿಂತ ಹೆಚ್ಚು ನಾಚಿದ್ದೂ ಇಲ್ಲ. ಒಪ್ಪೊತ್ತು ಮುರಿದದ್ದಕ್ಕಲ್ಲ. ಸುತ್ತ ನಿಂತವರೆಲ್ಲ ನನ್ನ ಕೈ ಕೆಳಗೆ ಹೊರೆ ಹೊತ್ತು ಬೆಳೆದವರು, ಅವರೇ ನನ್ನನ್ನು ಎತ್ತಿ ಆಟೋದಲ್ಲಿ ಕೂರಿಸಿದರು.

ಡಾಕ್ಟರಮ್ಮ ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ. ಗಂಗಮ್ಮನ ಮುಖ ನೋಡಿ ಅವಳಿಗೆ ಮೊದಲು ನೀರು ಕೊಡಿಸಿದರು. ಆಮೇಲೆ ನನಗೆ ಹೇಳಿದರು, "ಉಪವಾಸ ಬೇಡ ಅಂತ ನಾನು ಅನ್ನಲ್ಲ. ಶಿವುಡು ನನಗೂ ದೇವರೇ. ಆದರೆ ಈ ಮಾತ್ರೆ ತಿಂದ್ರೆ ಅನ್ನ ತಿನ್ನಬೇಕು. ಉಪವಾಸ ಇರೋದಾದ್ರೆ ಮುಂಚೆ ಬಂದು ನನ್ನ ಕೇಳಬೇಕು. ನೀವಾಗಿ ಮಾತ್ರೆ ಬಿಡೋದೂ ಇಲ್ಲ, ನೀವಾಗಿ ಊಟ ಬಿಡೋದೂ ಇಲ್ಲ. ಸರೇನಾ?"

ತಲೆಯಾಡಿಸಿದೆ. ಆದರೆ ನನ್ನೊಳಗಿನ ಪ್ರಶ್ನೆ ಸುಮ್ಮನಿರಲಿಲ್ಲ. "ಮೇಡಂ, ಒಂದು ಕೇಳ್ಲೇನ್ರಿ? ಆವಾಗ ಬೋರಾ ಹೊತ್ರ ನಿದ್ದಿ ಬರ್ತಿತ್ತು. ಈಗ ಹೊತ್ರ ಯಾಕ ಬರವಲ್ದು? ಬೋರಾ ಅದೇ, ನಾನೂ ಅವನೇ."

ಅವರು ಪೆನ್ನು ಕೆಳಗಿಟ್ಟರು. ಹೊರಗೆ ಜನ ಕಾಯುತ್ತಿದ್ದರೂ ಇಟ್ಟರು. ಅದು ನನಗೆ ನೆನಪಿದೆ. "ನೀವು ಅವರೇ ಅಲ್ಲ. ಆವಾಗ ಬೆಳಿಗ್ಗೆಯಿಂದ ಮೈ ಸ್ವಲ್ಪ ಸ್ವಲ್ಪ ಕೆಲಸ ಮಾಡ್ತಾ ಇತ್ತು. ಈಗ ದಿನವೆಲ್ಲ ಕೂತಿದ್ದು, ಮಧ್ಯಾಹ್ನ ತೂಕಡಿಸಿ, ಸಂಜೆ ಒಮ್ಮೆಲೇ ಬೆನ್ನ ಮೇಲೆ ಹಾಕ್ಕೊಂತೀರಿ. ಇದು ದಣಿವಲ್ಲ, ಏಟು. ಏಟು ತಿಂದ ಮೈ ಮಲಗಲ್ಲ, ನರಳ್ತದೆ."

"ಮತ್ತ ದಣಿವು ಅಂದ್ರ?"

"ಅದನ್ನ ನೀವೇ ನಡೆದು ನೋಡಿ ನನಗೆ ಹೇಳ್ರಿ."

ಮಾತ್ರೆ ಬದಲಿಸಿದರು. ಊಟವಾದ ಮೇಲೆ ಸ್ವಲ್ಪ, ಬೆಳಿಗ್ಗೆ ಸ್ವಲ್ಪ ನಡೆಯಬೇಕು, ಮಧ್ಯಾಹ್ನ ಮಲಗಬಾರದು, ಮಧ್ಯಾಹ್ನದ ಮೇಲೆ ಟೀ ಬೇಡ, ಚಪ್ಪಲಿಯಿಲ್ಲದೆ ಕಾಲಿಡಬಾರದು, ನಿದ್ದೆ ಬರಲಿ ಬಿಡಲಿ ಏಳುವ ಹೊತ್ತಿಗೆ ಏಳಬೇಕು. ನಿದ್ದೆ ಮಾತ್ರೆ ಕೊಡಿ ಎಂದು ಗಂಗಮ್ಮ ಕೇಳಿದಳು. ಮೊದಲು ಇದು, ಆಮೇಲೆ ನೋಡೋಣ ಎಂದರು.

ಈಗ ನಡೆಯುವ ಕಥೆ. ಬೋರಾ ಹೊತ್ತು ಓಡಿದವನಿಗೆ ಖಾಲಿ ಕೈಯಲ್ಲಿ ರಸ್ತೆಗೆ ಇಳಿಯುವುದು ಇಷ್ಟು ಕಷ್ಟವೆಂದು ಯಾರು ಬಲ್ಲರು? ನಮ್ಮ ಓಣಿಯಲ್ಲಿ ಎದುರಾದವರು "ಎತ್ತ ಹೊಂಟ್ರಿ ಮೇಸ್ತ್ರಿ?" ಎನ್ನದೆ ಬಿಡುವುದಿಲ್ಲ. "ಎತ್ತಲೂ ಇಲ್ಲ" ಎಂದರೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಹಾಗಾಗಿ ಕೆಲಸಕ್ಕೆ ಹೊರಟವನಂತೆ ಹೆಗಲಿಗೆ ಒಂದು ಹಗ್ಗದ ಸುರುಳಿ ಹಾಕಿಕೊಂಡೆ. ಎರಡು ದಿನ ಚೆನ್ನಾಗಿ ನಡೆಯಿತು. ಮೂರನೆಯ ದಿನ ಮನೆ ಖಾಲಿ ಮಾಡುತ್ತಿದ್ದವರೊಬ್ಬರು ಕರೆದು ಬೀರು ಗಾಡಿಗೆ ಕಟ್ಟಿಕೊಡಿ ಎಂದರು. ಮರುದಿನ ಇನ್ನೊಬ್ಬರ ಮನೆಯ ಬಾವಿಗೆ ಕೊಡ ಬಿದ್ದಿತ್ತು. ಹಗ್ಗ ಹೊತ್ತವನು ಇಲ್ಲ ಎನ್ನುವುದು ಹೇಗೆ? ನಡೆಯಲು ಹೋದವನು ಊರಿನ ಬಿಟ್ಟಿ ಹಮಾಲಿಯಾದೆ.

ಗಂಗಮ್ಮ ಹಗ್ಗ ಕಸಿದು ಮೊಳೆಗೆ ನೇತುಹಾಕಿದಳು. "ನಾನೂ ಬರ್ತೀನಿ ನಡೀರಿ. ಯಾರರ ಕೇಳಿದ್ರ ಹೆಂಡ್ತಿ ಕರಕೊಂಡು ಹೊಂಟೀನಿ ಅನ್ರಿ."

ಕೋಟೆ ಗುಡ್ಡದ ಕಡೆಯ ರಸ್ತೆ ಹಿಡಿದೆವು. ರೂಢಿಯಂತೆ ನಾನು ಮುಂದೆ, ಅವಳು ಹಿಂದೆ. ಸ್ವಲ್ಪ ದೂರಕ್ಕೆ ಅವಳು ನನ್ನ ಪಕ್ಕದಲ್ಲಿದ್ದಳು. ಇನ್ನು ಸ್ವಲ್ಪ ದೂರಕ್ಕೆ ಮುಂದಿದ್ದಳು. ನನಗೆ ಏದುಸಿರು.

"ನಿಂದರು ಗಂಗಿ, ಬಸ್ಸಿಗೆ ಹೊಂಟೀಯೇನು?"

"ನಾ ಹಿಂಗ ನಡಿಯಾದು. ಮನಿಯಾಗ ಕುಂತಿರ್ತಾಳ ಅಂತ ತಿಳ್ಕಂಡಿದ್ರೇನು?" ಅವಳು ತಿರುಗಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅದ್ಯಾಕ ಹಂಗ ಬಗ್ಗೀರಿ? ಬೆನ್ನ ಮ್ಯಾಲೆ ಏನೂ ಇಲ್ಲ, ನೆಟ್ಟಗ ನಡೀರಿ."

ಆಗ ನೋಡಿಕೊಂಡೆ. ಹೌದು, ನಾನು ಹೊರೆಯಿಲ್ಲದೆಯೂ ಹೊರೆಯಡಿಯ ನಡಿಗೆಯನ್ನೇ ನಡೆಯುತ್ತಿದ್ದೆ. ಕುತ್ತಿಗೆ ಮುಂದೆ, ಕಣ್ಣು ನೆಲಕ್ಕೆ, ಕೈ ಎರಡೂ ಇಲ್ಲದ ಚೀಲವನ್ನು ಹಿಡಿಯಲು ಅರ್ಧ ಎತ್ತಿ. ಹೊರೆ ಹೊತ್ತವನು ಮುಂದಿನ ಹೆಜ್ಜೆಯ ನೆಲ ಬಿಟ್ಟು ಬೇರೇನೂ ನೋಡುವುದಿಲ್ಲ. ನೆಟ್ಟಗೆ ನಿಂತೆ. ಬೆನ್ನಿನಲ್ಲಿ ಏನೋ ಲಟಕ್ಕೆಂದಿತು. ಇಷ್ಟು ವರ್ಷ ಇದ್ದ ಊರಿನಲ್ಲಿ ಗುಡ್ಡದ ಬಂಡೆಗಳು ಬೆಳಗಿನ ಬಿಸಿಲಿಗೆ ಬೆಲ್ಲದ ಬಣ್ಣಕ್ಕೆ ತಿರುಗುವುದನ್ನು ಅವತ್ತು ಕಂಡೆ.

ದಿನಾ ಹೋದೆವು. ಮೊದಮೊದಲು ನಿದ್ದೆಯ ಸುಳಿವೇ ಇಲ್ಲ. ಟೀ ಬಿಟ್ಟದ್ದಕ್ಕೆ ತಲೆನೋವು, ಮಧ್ಯಾಹ್ನ ಮಲಗದಿರುವುದಕ್ಕೆ ಸಿಡುಕು. ಗಂಗಮ್ಮ ನನ್ನನ್ನು ಮಧ್ಯಾಹ್ನ ಎಚ್ಚರವಾಗಿಡಲು ಬೆಳ್ಳುಳ್ಳಿ ಸುಲಿಯಲು ಕೂರಿಸುತ್ತಿದ್ದಳು. ಮನೆಯಲ್ಲಿ ಅಷ್ಟು ಬೆಳ್ಳುಳ್ಳಿ ಯಾರೂ ತಿನ್ನುವುದಿಲ್ಲ, ಓಣಿಗೆಲ್ಲ ಹಂಚಿದಳು. ಬಹಳ ದಿನದ ಮೇಲೆ ಒಂದು ಬೆಳಿಗ್ಗೆ ಹಿಂದಿನ ರಾತ್ರಿಯನ್ನು ನೆನಪು ಮಾಡಿಕೊಂಡರೆ ನಡುವೆ ಒಂದು ತುಂಡು ಕಾಣಲಿಲ್ಲ. ಅಷ್ಟು ಹೊತ್ತು ನಾನು ಎಲ್ಲಿದ್ದೆ? ಮಲಗಿದ್ದೆ! ಆ ತುಂಡು ಮೆಲ್ಲಗೆ ಉದ್ದವಾಯಿತು. ಕೆಲವು ದಿನ ಮತ್ತೆ ಗಿಡ್ಡವಾಯಿತು. ನಡೆದ ದಿನವೇ ನಿದ್ದೆ ಬರುತ್ತದೆಂದೂ ಇಲ್ಲ. ಅದನ್ನೇ ಗಮನಿಸುತ್ತ ಹೋದೆ. ನನಗೆ ಕಂಡದ್ದಿಷ್ಟು: ಹಳೆಯ ದಣಿವು ಕೋಲು ಹಿಡಿದು ಬಂದು ನನ್ನನ್ನು ಕೆಡವುತ್ತಿತ್ತು. ಈ ದಣಿವು ಹೊಸ ಸೊಸೆಯ ಹಾಗೆ, ಬಾಗಿಲ ಹತ್ತಿರ ನಿಂತು ಕರೆಯುವವರೆಗೆ ಕಾಯುತ್ತದೆ. ಗದರಿದರೆ ಹೊರಟುಹೋಗುತ್ತದೆ.

ಡಾಕ್ಟರಮ್ಮನಿಗೆ ಹಾಗೆಯೇ ಹೇಳಿದೆ. ಸಕ್ಕರೆ ಸ್ವಲ್ಪ ಹದಕ್ಕೆ ಬಂದಿತ್ತು, ಕಾಲಿನ ಉರಿಯೂ ತಗ್ಗಿತ್ತು. ಪೂರ್ತಿ ಹೋಗಿಲ್ಲ, ಹೋಗುತ್ತದೆಂದು ಅವರೂ ಹೇಳಿಲ್ಲ.

ಬೆಂಚಿನ ಮೇಲೆ ಮಾಳಮ್ಮ ಮತ್ತೊಮ್ಮೆ ಸಿಕ್ಕಳು. ಮಗನ ಜೊತೆ ಜಗಳವಾಡಿ ಕುರಿಗಳ ಹಿಂದೆ ಹಳ್ಳದವರೆಗೆ ಹೋಗಿ ಬರುತ್ತಾಳಂತೆ. "ನಿದ್ದಿ ಬಂತೇನಮ್ಮಾ?" ಎಂದರೆ, "ಅರ್ಧ ಬಂದೈತಪಾ. ಇನ್ನರ್ಧ ಹೊತ್ತು ನಾಯಿಗೆ ಜತಿ ಯಾರು?" ಎಂದಳು.

ಮಾರ್ಕೆಟ್ಟಿನಲ್ಲಿ ನಾನು ಕೆಳಗೇ ಇದ್ದೆ. ಕೂತಿರಲಿಲ್ಲ. ಒಂದು ಲಾರಿಯಿಂದ ಇನ್ನೊಂದಕ್ಕೆ ನಡೆಯುತ್ತಿದ್ದೆ. ಮೇಲೆ ಏರಿಸು ಎಂದು ಬಾಯಿಬಿಟ್ಟು ಕೇಳುವುದು ನನ್ನಿಂದಾಗದ ಕೆಲಸ. ಯಾರಾದರೂ ಕರೆದಾರು ಎಂದು ಕಾದೆ, ಯಾರೂ ಕರೆಯಲಿಲ್ಲ. ಕೊನೆಗೆ ಸುಗ್ಗಿ ಇಳಿಮುಖವಾಗುವ ಹೊತ್ತಿಗೆ ಒಂದು ಮಧ್ಯಾಹ್ನ ವೀರೇಶನ ಹತ್ತಿರ ಹೋಗಿ ನಿಂತೆ.

"ವೀರೇಶಾ, ನನ್ನ ಕಣ್ಣು ನೋಡು."

ಅವನು ನಿಜವಾಗಿಯೂ ನೋಡಿದ. ಎತ್ತು ಕೊಳ್ಳುವವನ ಹಾಗೆ ರೆಪ್ಪೆ ಎತ್ತಿ ನೋಡಿದ. ಸುತ್ತಲಿನವರು ನಕ್ಕರು, ಅವನು ನಗಲಿಲ್ಲ. "ಏಣಿ ನಾ ಹಿಡೀತೀನಿ, ಹತ್ತು" ಎಂದ. ಅವತ್ತು ಪೂರ್ತಿ ಒಂದು ಲಾರಿ ಕಟ್ಟಿದೆ. ಪ್ರತಿ ಬೋರಾ ಕೊಡುವಾಗಲೂ ಕೆಳಗಿನವರು ನನ್ನ ಕೈ ನೋಡುತ್ತಿದ್ದರು. ವರಸೆಗಳು ಏರುತ್ತ ಹೋದಂತೆ ನೋಡುವುದು ನಿಲ್ಲಿಸಿದರು. ನೋಡುವುದನ್ನು ಬಿಟ್ಟರಲ್ಲ, ಅದೇ ನನಗೆ ಮಾಲೆ ಹಾಕಿದ ಹಾಗಾಯಿತು.

ಇದಾಗಿ ಒಂದು ಸುಗ್ಗಿ ಕಳೆದಿದೆ. ಈಗ ಮೇಲೆ ನಾನೇ. ಆದರೆ ಎಲ್ಲ ದಿನವೂ ಅಲ್ಲ. ಮೊನ್ನೆ ಬೆಳಿಗ್ಗೆ ಏಣಿಗೆ ಕಾಲಿಟ್ಟವನು ತೆಗೆದೆ. ಹಿಂದಿನ ರಾತ್ರಿ ನಿದ್ದೆ ಬಂದಿರಲಿಲ್ಲ. ಏಕೆಂದು ಗೊತ್ತಿಲ್ಲ, ನಡೆದಿದ್ದೆ, ಟೀ ಕುಡಿದಿರಲಿಲ್ಲ, ಎಲ್ಲ ಸರಿಯಿತ್ತು. ನನ್ನ ಕಾಯಿಲೆ ಯಾವಾಗಲೂ ಕಾರಣ ಹೇಳಿ ಬರುವುದಿಲ್ಲ.

"ಇವತ್ತು ನನಗ ನಿದ್ದಿ ಆಗಿಲ್ಲ," ಎಂದೆ ಎಲ್ಲರಿಗೂ ಕೇಳುವಂತೆ. "ಮ್ಯಾಲೆ ವೀರೇಶ ನಿಂದರಲಿ."

ಹಿಂದಾಗಿದ್ದರೆ ಈ ಮಾತು ಆಡುವ ಬದಲು ನಾಲಿಗೆ ಕಡಿದುಕೊಳ್ಳುತ್ತಿದ್ದೆ. ಈ ಸಲ ಆಡಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ವೀರೇಶ ಏಣಿಯ ಹತ್ತಿರ ಬಂದ. ಹತ್ತಲಿಲ್ಲ. ಏಣಿಯ ಮೆಟ್ಟಿಲ ಮೇಲೆ ಕೈಯಿಟ್ಟುಕೊಂಡು ನಿಂತ.

"ಏನಾತೋ?"

"ಏನಿಲ್ಲಣ್ಣಾ."

"ಹತ್ತು ಮತ್ತ."

ಅವನು ನನ್ನ ಹತ್ತಿರ ಬಂದು, ಆವತ್ತು ಲಾರಿಯ ಮೇಲೆ ನನಗಾಗಿ ತಗ್ಗಿಸಿದ್ದ ಅದೇ ದನಿಯಲ್ಲಿ ಹೇಳಿದ. "ನಂದೂ ನಿದ್ದಿ ಇಲ್ಲಣ್ಣಾ. ಭಾಳ ದಿನ ಆತು. ಸುಮ್ಮಸುಮ್ಮನ ಎಚ್ಚರ ಆಗ್ತೈತಿ, ಎದ್ದು ಎದ್ದು ಹೊರಗ ಹೋಗ್ತೀನಿ, ನೀರು ಎಷ್ಟು ಕುಡಿದ್ರೂ ಸಾಲಂ‌ಗಿಲ್ಲ. ನೀ ಕೆಳಗ ಇದ್ದ ದಿನ ನಾನೂ ಕೆಳಗ ಇಳಿದ್ರ ಈ ಜಾಗ ಮನಿತನದ ಕೈ ಬಿಟ್ಟು ಹೋಗ್ತೈತಿ ಅಂತ ಯಾರಿಗೂ ಹೇಳಿಲ್ಲ."

ಅವನ ಮುಖ ನೋಡಿದೆ. ನನ್ನ ಕೈ ಕೆಳಗೆ ಬೆಳೆದವರಲ್ಲಿ ಒಬ್ಬನನ್ನು ಕರೆದು ಮೇಲೆ ಹತ್ತಿಸಿದೆ. ನಮ್ಮ ಮನೆತನದವನಲ್ಲ, ಚೆನ್ನಾಗಿ ಮಲಗಿ ಎದ್ದವನು. ಹಗ್ಗ ಅವನ ಕೈಗೆ ಎಸೆದೆ.

"ನಾವು ಎತ್ತ ಹೊಂಟೀವಿ?" ಎಂದ ವೀರೇಶ.

"ಡಾಕ್ಟರಮ್ಮನ ಹತ್ರ."

"ಆಟೋ ಕರೀಲೇನು?"

"ಬ್ಯಾಡ. ಚಪ್ಪಲಿ ಹಾಕ್ಕ. ನಡಕೊಂತ ಹೋಗೂಣು."